ಮೆಟ್ಟಿಲಿನ ದೀಪ: ನಾಲ್ಕರಲ್ಲಿ ಒಂದೇ ಸ್ಥಿತಿಯಲ್ಲಿ ಉರಿಯುತ್ತಿದ್ದ ಹಳೆಯ ಟೂ-ವೇ ವೈರಿಂಗಿನ ದುರಸ್ತಿ

ಮೆಟ್ಟಿಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ಚು ಇದೆ; ಯಾವುದರಿಂದ ಬೇಕಾದರೂ ಹೊತ್ತಿಸಿ ಆರಿಸಬಹುದಾದ ಇಂಥ ಜೋಡಣೆಯೇ ಟೂ-ವೇ. ಮೇಲಿನ ಸ್ವಿಚ್ಚಿಗೆ ವರ್ಷಗಳಿಂದ ಒಂದು ತುಂಡು ಅಂಟುಪಟ್ಟಿ ಹಚ್ಚಲಾಗಿತ್ತು. ಅದನ್ನು ಯಾರಾದರೂ ಒತ್ತಿದರೆ ಕೆಳಗಿನ ಸ್ವಿಚ್ಚು ಕೆಲಸ ಮಾಡುವುದನ್ನೇ ಬಿಡುತ್ತಿದ್ದುದರಿಂದ, ಅದನ್ನು ಮುಟ್ಟಬಾರದು ಎಂಬುದು ಮನೆಯವರೆಲ್ಲ ಒಪ್ಪಿಕೊಂಡ ನಿಯಮವಾಗಿತ್ತು. ಇದಲ್ಲದೆ, ದೀಪ ಆರಿಸಿದ ಮೇಲೂ ಎಲ್‌ಇಡಿ ಬಲ್ಬು ಕತ್ತಲಲ್ಲಿ ಮಿಣುಕುತ್ತಲೇ ಇರುತ್ತಿತ್ತು. ಎರಡಕ್ಕೂ ನಾವು ಒಗ್ಗಿಹೋಗಿದ್ದೆವು. ಈಚೆಗೆ ಮೀಟರಿನ ಪಕ್ಕದ ಬೋರ್ಡನ್ನು ಬದಲಾಯಿಸಿ, ಪ್ರತಿ ಮಹಡಿಗೂ ವಿದ್ಯುತ್ತು ಸೋರಿದರೆ ತಾನೇ ಬಿದ್ದು ಸಂಪರ್ಕ ಕಡಿಯುವ, 30 ಮಿಲಿಆಂಪಿಯರಿನ ಪ್ರತ್ಯೇಕ ಆರ್‌ಸಿಸಿಬಿ ಹಾಕಿಸಿದ ದಿನದಿಂದ ಮಾತ್ರ ಈ ದೀಪವನ್ನು ಹೊತ್ತಿಸುವುದೇ ಅಸಾಧ್ಯವಾಯಿತು. ಹೊತ್ತಿಸಿದ ಕ್ಷಣವೇ ಒಂದು ಮಹಡಿಯ ವಿದ್ಯುತ್ತು ಹೋಗುತ್ತಿತ್ತು. ಒಮ್ಮೆ ಮೇಲಿನದು, ಒಮ್ಮೆ ಕೆಳಗಿನದು, ಒಂದು ಸಲ ಎರಡೂ.

ಯಾವುದು ಟ್ರಿಪ್ ಆಗುತ್ತದೆ ಎಂಬುದು ಹೀಗೆ ಬದಲಾಗುತ್ತಿದ್ದುದೇ ಮೊದಲ ಸುಳಿವು. ಆರ್‌ಸಿಸಿಬಿ ಮಾಡುವುದು ಒಂದೇ ಕೆಲಸ: ಫೇಸಿನಲ್ಲಿ (ವಿದ್ಯುತ್ತು ತರುವ ತಂತಿಯಲ್ಲಿ) ಹೊರಟ ಪ್ರವಾಹ ತನ್ನದೇ ನ್ಯೂಟ್ರಲ್‌ನಲ್ಲಿ ಅಷ್ಟೇ ಪ್ರಮಾಣದಲ್ಲಿ ಮರಳಿತೇ ಎಂದು ನೋಡುವುದು. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಅದು ಬೀಳಲೇಬೇಕು. 15ರ ಒಳಗೆ ಬೀಳಬಾರದು. ನಡುವೆ ಎಲ್ಲಿ ಬೇಕಾದರೂ ಬೀಳಬಹುದು. 230 ವೋಲ್ಟಿನಲ್ಲಿ 9 ವ್ಯಾಟ್ ದೀಪ ಸುಮಾರು 39 ಮಿಲಿಆಂಪಿಯರ್ ಎಳೆಯುತ್ತದೆ, ಎಲ್‌ಇಡಿಯ ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಕಡಿಮೆ ಇದ್ದರೆ ಇನ್ನೂ ಹೆಚ್ಚು. ಅಂದರೆ, ಎಲ್ಲೋ ತೇವದಿಂದ ಸ್ವಲ್ಪ ಪ್ರವಾಹ ಸೋರುತ್ತಿದೆ ಎಂದು ಊಹಿಸುವ ಅಗತ್ಯವೇ ಇರಲಿಲ್ಲ. ದೀಪದ ಇಡೀ ಪ್ರವಾಹವೇ ಸೋರಿಕೆಯಾಗಿ ಕಾಣುತ್ತಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಪರೀಕ್ಷೆಗೆಂದು ಅರ್ಧ ವ್ಯಾಟಿನ ಪುಟ್ಟ ಎಲ್‌ಇಡಿ ದೀಪವನ್ನು ಅದೇ ಹೋಲ್ಡರಿಗೆ ಹಾಕಿದೆ, ಯಾವುದೂ ಬೀಳಲಿಲ್ಲ. ಆದ್ದರಿಂದ ಒಂದು ಸ್ಕ್ರೂ ಕೂಡ ಬಿಚ್ಚುವ ಮೊದಲೇ ಹೀಗೆಂದು ಬರೆದಿಟ್ಟುಕೊಂಡೆ: ಈ ದೀಪದ ಫೇಸ್ ಒಂದು ಮಹಡಿಯದು, ನ್ಯೂಟ್ರಲ್ ಇನ್ನೊಂದು ಮಹಡಿಯಿಂದ ಎರವಲು ಬಂದದ್ದು.

ಅರ್ಧ ವ್ಯಾಟಿನ ದೀಪ ಟ್ರಿಪ್ ಆಗದೆ ಉರಿಯುತ್ತಿದ್ದುದರಿಂದ, ಎರಡು ಸ್ವಿಚ್ಚುಗಳ ನಾಲ್ಕೂ ಸ್ಥಿತಿಗಳನ್ನು ನಿಧಾನವಾಗಿ ನೋಡಲು ಸಾಧ್ಯವಾಯಿತು. ಟೂ-ವೇ ಸ್ವಿಚ್ಚಿಗೆ ಮೂರು ಟರ್ಮಿನಲ್‌ಗಳಿರುತ್ತವೆ: ಒಂದು ಕಾಮನ್ (ಉಳಿದೆರಡರಲ್ಲಿ ಒಂದಕ್ಕೆ ಸದಾ ಕೂಡಿರುವುದು), ಉಳಿದೆರಡು ಎರಡೂ ಸ್ವಿಚ್ಚುಗಳ ನಡುವೆ ಓಡುವ ಜೋಡಿ ತಂತಿಗಳಿಗೆ. ಇಲ್ಲಿ ಅವುಗಳನ್ನು ಕ ತಂತಿ, ಖ ತಂತಿ ಎಂದು ಕರೆಯುತ್ತೇನೆ. ಜೋಡಣೆ ಸರಿಯಿದ್ದರೆ ಎರಡೂ ಸ್ವಿಚ್ಚುಗಳು ಕ ಕಡೆಗಿದ್ದಾಗ ಅಥವಾ ಎರಡೂ ಖ ಕಡೆಗಿದ್ದಾಗ ದೀಪ ಉರಿಯಬೇಕು, ಅಂದರೆ ನಾಲ್ಕರಲ್ಲಿ ಎರಡು ಸ್ಥಿತಿಗಳಲ್ಲಿ. ನನ್ನ ಪಟ್ಟಿಯಲ್ಲಿ ಒಂದೇ ಸ್ಥಿತಿಯ ಮುಂದೆ ಗುರುತು ಬಿದ್ದಿತು.

ಈ ಹಂತದಲ್ಲಿ ಬಹಳ ಮಂದಿ ಮಾಡುವಂತೆ ನಾನೂ ಸ್ವಿಚ್ಚು ಸವೆದಿದೆ ಎಂದು ತೀರ್ಮಾನಿಸಿ ಹೊಸದನ್ನು ತಂದು ಹಾಕಿಬಿಡುತ್ತಿದ್ದೆನೇನೋ. ನಾಲ್ಕರಲ್ಲಿ ಒಂದು ಎಂಬ ಲಕ್ಷಣಕ್ಕೆ ಕನಿಷ್ಠ ಮೂರು ಕಾರಣಗಳಿರುವುದು ಚಿತ್ರ ಬರೆದು ನೋಡಿದಾಗಲಷ್ಟೇ ಹೊಳೆಯುತ್ತದೆ. ಕ ತಂತಿ ಎಲ್ಲಾದರೂ ತುಂಡಾಗಿದ್ದರೆ ಎರಡೂ ಸ್ವಿಚ್ಚುಗಳು ಖ ಕಡೆಗಿದ್ದಾಗ ಮಾತ್ರ ದೀಪ ಉರಿಯುತ್ತದೆ. ಯಾವುದಾದರೊಂದು ಸ್ವಿಚ್ಚಿನಲ್ಲಿ ಕ ಬದಿಯ ಕಾಂಟ್ಯಾಕ್ಟ್ ಸುಟ್ಟುಹೋಗಿದ್ದರೂ ಅದೇ ಫಲ. ಮೂರನೆಯದು, ಕಾಮನ್‌ಗೆ ಹೋಗಬೇಕಾದ ತಂತಿ ಪಕ್ಕದ ಟರ್ಮಿನಲ್‌ಗೂ, ಜೋಡಿ ತಂತಿಗಳಲ್ಲೊಂದು ಕಾಮನ್‌ಗೂ ಸೇರಿಕೊಂಡಿರುವುದು. ಆಗ ಆ ಸ್ವಿಚ್ಚು ಒಂದು ಬದಿಯಲ್ಲಿ ದೀಪವನ್ನು ಕ ತಂತಿಗೆ ಸೇರಿಸುತ್ತದೆ, ಇನ್ನೊಂದು ಬದಿಯಲ್ಲಿ ಕ ಮತ್ತು ಖ ಎರಡನ್ನೇ ಪರಸ್ಪರ ಸೇರಿಸಿ ದೀಪವನ್ನು ಹೊರಗೇ ಬಿಡುತ್ತದೆ. ಮೂರು ಕಾರಣಗಳೂ ಹೊರಗಿನಿಂದ ನೋಡುವವರಿಗೆ ಒಂದೇ ರೀತಿ ಕಾಣುತ್ತವೆ. ಬಿಚ್ಚಿ ಅಳೆಯದೆ ಬೇರೆ ದಾರಿಯಿಲ್ಲ.

ಬಿಚ್ಚುವ ಮೊದಲು ಫೇಸ್ ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕಿತ್ತು. ಕೆಳಮಹಡಿಯ ಎಂಸಿಬಿಯನ್ನು (ಪ್ರವಾಹ ಮಿತಿಮೀರಿದರೆ ಕಡಿಯುವ ಸ್ವಿಚ್ಚು) ಇಳಿಸಿದೆ. ದೀಪ ಉರಿಯುತ್ತಲೇ ಇತ್ತು. ಅದನ್ನು ಏರಿಸಿ, ಈ ಬಾರಿ ಕೆಳಮಹಡಿಯ ಆರ್‌ಸಿಸಿಬಿಯನ್ನು ಇಳಿಸಿದೆ, ದೀಪ ಆರಿತು. ಈ ಬೋರ್ಡಿನ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ಆರ್‌ಸಿಸಿಬಿ ನ್ಯೂಟ್ರಲ್ ಅನ್ನೂ ಕಡಿಯುತ್ತದೆ. ಆದ್ದರಿಂದ ಕೆಳಗಿನ ಮಹಡಿಯಿಂದ ಬರುತ್ತಿರುವುದು ನ್ಯೂಟ್ರಲ್ ಮಾತ್ರ ಎಂಬುದು ಖಚಿತವಾಯಿತು. ದೀಪವೇನೋ ಆರಿತ್ತು. ಆದರೆ ಏಣಿ ಹತ್ತಿ ಬಲ್ಬು ತೆಗೆದು ಹೋಲ್ಡರಿಗೆ ಟೆಸ್ಟರ್ ಇಟ್ಟಾಗ ಅದರ ನಿಯಾನ್ ಕೆಂಪಗೆ ಹೊಳೆಯಿತು. ಕೆಳಗಿನ ಸ್ವಿಚ್ಚು ಇರುವ ಮಹಡಿಯ ವಿದ್ಯುತ್ತನ್ನು ಪೂರ್ತಿ ತೆಗೆದಿದ್ದೇನೆ, ದೀಪವೂ ಆರಿದೆ ಎಂಬ ನಂಬಿಕೆಯ ಮೇಲೆ ಹೋಲ್ಡರಿಗೆ ಬೆರಳು ತಾಗಿಸಿದ್ದರೆ ಏನಾಗುತ್ತಿತ್ತೆಂದು ವಿವರಿಸಬೇಕಾಗಿಲ್ಲ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಬಲ್ಬು ಹೋಲ್ಡರಿನಲ್ಲೇ ಇದ್ದು, ಸ್ವಿಚ್ಚುಗಳು ದೀಪ ಉರಿಯುವ ಸ್ಥಿತಿಯಲ್ಲೇ ಇದ್ದರೆ, ಮೇಲಿನ ಫೇಸ್ ಆ ಬಲ್ಬಿನ ಮೂಲಕ ಇಳಿದು, ಬೋರ್ಡಿನಿಂದ ಬಿಡಿಸಲ್ಪಟ್ಟ ಕೆಳಮಹಡಿಯ ಎಲ್ಲ ನ್ಯೂಟ್ರಲ್ ತಂತಿಗಳನ್ನೂ ಜೀವಂತವಾಗಿಡುತ್ತದೆ. ಕೆಳಗೆ ಬೇರಾವುದೋ ಪ್ಲಗ್ ಪಾಯಿಂಟ್ ಬಿಚ್ಚಿ ಕುಳಿತವರಿಗೆ ಮೆಟ್ಟಿಲಿನ ದೀಪದಿಂದ ಶಾಕ್ ಹೊಡೆಯಬಹುದು.

ಮೇನ್ ತೆಗೆಯುವ ಮುನ್ನ ಕೆಳಗಿನ ಸ್ವಿಚ್ಚಿನ ಮುಚ್ಚಳವನ್ನಷ್ಟೇ ಬಿಚ್ಚಿ ಟೆಸ್ಟರಿನ ತುದಿಯಿಂದ ಮೂರೂ ಟರ್ಮಿನಲ್‌ಗಳನ್ನು ಮುಟ್ಟಿ ನೋಡಿದೆ. ಇಲ್ಲಿನ ಸ್ವಿಚ್ಚು ಕಪ್ಪು ಬೇಕಲೈಟಿನ ದುಂಡು ಮಾದರಿಯದು, ಮೊದಲ ವೈರಿಂಗಿನ ಕಾಲದ್ದು. ಅದರ ಸ್ಕ್ರೂಗಳ ಸೀಳಿನಲ್ಲಿ ಸುಣ್ಣದ ಬಣ್ಣ ತುಂಬಿಕೊಂಡಿದ್ದುದರಿಂದ ಈ ನಡುವೆ ಯಾರೂ ಅದನ್ನು ಬಿಚ್ಚಿಲ್ಲವೆಂದು ತಿಳಿಯಿತು. ಕಾಮನ್ ಟರ್ಮಿನಲ್ ಎಂದೂ ಹೊಳೆಯಲಿಲ್ಲ. ಜೋಡಿ ತಂತಿಗಳಲ್ಲೊಂದು ಮಾತ್ರ ವಿಚಿತ್ರವಾಗಿ ವರ್ತಿಸಿತು: ದೀಪ ಆರಿದ್ದಾಗ ಟೆಸ್ಟರ್ ಹೊಳೆಯಿತು, ದೀಪ ಹೊತ್ತಿಸಿದಾಗ ಟೆಸ್ಟರ್ ಆರಿತು. ಮೊದಲ ಸಲ ಕಂಡಾಗ ಇದು ತಲೆಕೆಳಗಾದಂತೆ ತೋರುತ್ತದೆ. ಸ್ವಿಚ್ಚು ಕಡಿಯುತ್ತಿರುವುದು ನ್ಯೂಟ್ರಲ್ ಎಂದು ಅರ್ಥವಾದ ಮೇಲೆ ಇದರಲ್ಲಿ ವಿಚಿತ್ರವೇನೂ ಉಳಿಯುವುದಿಲ್ಲ. ಫೇಸ್ ಸದಾ ದೀಪದ ಬಳಿಯೇ ಕಾದಿರುತ್ತದೆ. ಸ್ವಿಚ್ಚು ಆರಿಸಿದಾಗ ಅದು ದೀಪವನ್ನು ದಾಟಿ ಸ್ವಿಚ್ಚಿನವರೆಗೂ ಇಳಿದು ನಿಲ್ಲುತ್ತದೆ, ಸ್ವಿಚ್ಚು ಹಾಕಿದಾಗ ಅದೇ ತಂತಿ ನ್ಯೂಟ್ರಲ್ ಆಗಿಬಿಡುತ್ತದೆ. ಟೆಸ್ಟರ್ ಹೊಳೆದರೆ ವಿದ್ಯುತ್ತು ಇದೆ ಎಂಬುದು ನಿಜ, ಹೊಳೆಯದಿದ್ದರೆ ಇಲ್ಲ ಎಂಬುದಕ್ಕೆ ಅದು ಪುರಾವೆಯಲ್ಲ. ನಿಂತಿರುವ ಏಣಿ, ಪಾದರಕ್ಷೆ, ಒಳಗಿನ ನಿಯಾನಿನ ವಯಸ್ಸು, ಎಲ್ಲವೂ ಅದರ ಮಾತನ್ನು ಬದಲಾಯಿಸುತ್ತವೆ.

ಆಮೇಲೆ ಮೇನ್ ತೆಗೆದು, ಅದರ ಹಿಡಿಗೆ ಟೇಪು ಸುತ್ತಿ, ಮನೆಯವರಿಗೆ ತಿಳಿಸಿದೆ. ಮಲ್ಟಿಮೀಟರನ್ನು ಮೇನ್ ತೆಗೆಯುವ ಮುನ್ನ ಜೀವಂತ ಪಾಯಿಂಟಿನಲ್ಲಿ, ತೆಗೆದ ಮೇಲೆ ಕೆಲಸದ ಜಾಗದಲ್ಲಿ, ನಂತರ ಮೇನಿನ ಒಳಬರುವ ಬದಿಯಲ್ಲಿ ಹೀಗೆ ಮೂರು ಸಲ ನೋಡಿದೆ. ಮೂರನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. ಮಧ್ಯದ ಅಳತೆಯ ಹೊತ್ತಿಗೆ ಮೀಟರೇ ಕೆಟ್ಟಿದ್ದರೆ ಸೊನ್ನೆ ಎಂಬ ಉತ್ತರಕ್ಕೆ ಅರ್ಥವಿಲ್ಲ.

ಮೇಲಿನ ಸ್ವಿಚ್ಚು ಬೇರೆ ಕಾಲದ್ದು, ಬಿಳಿಯ ಮಾಡ್ಯುಲರ್ ಮಾದರಿಯದು. ಅದನ್ನು ಪೆಟ್ಟಿಗೆಯಿಂದ ಎರಡಂಗುಲ ಎಳೆದೊಡನೆ ತಂತಿಯ ಹೊದಿಕೆ ಒಣಗಿದ ತೊಗಟೆಯಂತೆ ಉದುರಿ ಅಂಗೈಗೆ ಬಿತ್ತು. ಇದು ಪಿವಿಸಿ ಬರುವ ಮುಂಚಿನ ರಬ್ಬರು ತಂತಿ, ಮೇಲೆ ಹತ್ತಿಯ ನೇಯ್ಗೆ. ಮೂರೂ ತಂತಿಗಳು ಒಂದು ಕಾಲದಲ್ಲಿ ಕೆಂಪಾಗಿದ್ದಿರಬಹುದು, ಈಗ ಮೂರೂ ಮಣ್ಣಿನ ಬಣ್ಣ. ಎಳೆಗಳು ಬೆಳ್ಳಗೆ ಹೊಳೆಯುತ್ತಿದ್ದುದರಿಂದ ಅಲ್ಯೂಮಿನಿಯಮ್ ಎಂದು ಮೊದಲು ಅಂದುಕೊಂಡೆ. ಬ್ಲೇಡಿನಿಂದ ಮೆಲ್ಲಗೆ ಕೆರೆದಾಗ ಒಳಗಿನ ಕೆಂಪು ಕಾಣಿಸಿತು. ಗಟ್ಟಿಗೊಳಿಸಿದ ರಬ್ಬರಿನಲ್ಲಿರುವ ಗಂಧಕ ತಾಮ್ರವನ್ನು ತಿನ್ನುತ್ತದೆ ಎಂಬ ಕಾರಣಕ್ಕೆ ಆ ಕಾಲದ ತಂತಿಗಳಿಗೆ ತವರದ ಲೇಪ ಕೊಡುತ್ತಿದ್ದರು. ಆ ಲೇಪದ ಪುಣ್ಯದಿಂದ ಲೋಹ ಚೆನ್ನಾಗಿಯೇ ಇತ್ತು, ಹೊದಿಕೆ ಮಾತ್ರ ಮುಗಿದುಹೋಗಿತ್ತು.

ಮೂರೂ ತಂತಿಗಳಿಗೆ ಅವು ಇದ್ದ ಟರ್ಮಿನಲ್‌ನ ಹೆಸರಿನ ಚೀಟಿ ಕಟ್ಟಿ, ಫೋಟೋ ತೆಗೆದು, ಆಮೇಲೆ ಬಿಡಿಸಿದೆ. ಮೊದಲು ಸ್ವಿಚ್ಚನ್ನೇ ಮೇಜಿನ ಮೇಲಿಟ್ಟು ನೋಡಿದೆ: ಎರಡೂ ಸ್ಥಿತಿಗಳಲ್ಲಿ ಬೇರೆ ಬೇರೆ ಟರ್ಮಿನಲ್ಲಿಗೆ ಕೂಡಿಕೊಳ್ಳುವುದೇ ಕಾಮನ್, ಇಲ್ಲಿ ಅದು ನಡುವಿನದು. ಎರಡೂ ಬದಿಗೆ ಮೀಟರ್ ಸರಿಯಾಗಿ ಕೂಗಿತು (ದಾರಿ ಕೂಡಿದ್ದರೆ ಅದು ಸದ್ದು ಮಾಡುತ್ತದೆ), ಸ್ವಿಚ್ಚಿನಲ್ಲಿ ದೋಷವಿಲ್ಲ. ಕೆಳಗೆ ಹೋಗಿ, ಕಾಮನ್ ಅಲ್ಲದ ಎರಡು ತಂತಿಗಳನ್ನು ದುಂಡು ಸ್ವಿಚ್ಚಿನಿಂದ ಬಿಡಿಸಿ ಒಂದಕ್ಕೊಂದು ತಿರುಚಿ ಬಂದೆ. ಮೇಲೆ ಮೂರು ತಂತಿಗಳಲ್ಲಿ ಎರಡೆರಡನ್ನು ಅಳೆದರೆ ಒಂದೇ ಜೋಡಿ ಕೂಗಬೇಕು, ಅದೇ ಕ ಮತ್ತು ಖ. ಕೂಗಿತು, 0.6 ಓಮ್ ತೋರಿಸಿತು. ಮೀಟರಿನ ತಂತಿಗಳದ್ದೇ 0.3. ಒಂದು ದಿಕ್ಕಿಗೆ 8 ಮೀಟರಿನಂತೆ ಹೋಗಿಬರುವ 16 ಮೀಟರಿಗೆ, 22 ಗೇಜಿನ ಮೂರೆಳೆಯ ತಾಮ್ರದಲ್ಲಿ 0.24 ಓಮ್‌ನಷ್ಟು ನಿರೀಕ್ಷಿಸಬಹುದು. ಅಂದರೆ ಜೋಡಿ ತಂತಿಗಳು ತುಂಡಾಗಿಲ್ಲ, ನಡುವೆ ಸಡಿಲ ಗಂಟೂ ಇಲ್ಲ.

ಹಾಗಾದರೆ ಉಳಿದದ್ದು ಮೂರನೆಯ ಕಾರಣ. ಕೂಗಿದ ಜೋಡಿಯ ಒಂದು ಚೀಟಿಯಲ್ಲಿ ಕಾಮನ್ ಎಂದೇ ಬರೆದಿತ್ತು. ದೀಪಕ್ಕೆ ಹೋಗುವ ಒಂಟಿ ತಂತಿ ಪಕ್ಕದ ಟರ್ಮಿನಲ್‌ನಲ್ಲಿ ಕುಳಿತಿತ್ತು. ಹೀಗೇಕಾಯಿತು ಎಂಬುದಕ್ಕೆ ಉತ್ತರ ಕೆಳಗಿನ ದುಂಡು ಸ್ವಿಚ್ಚಿನಲ್ಲೇ ಇದೆ. ಅದರಲ್ಲಿ ಕಾಮನ್ ಒಂದು ಬದಿಗೆ ಒಂಟಿಯಾಗಿದೆ. ಮೇಲೆಯೂ ಮೊದಲು ಅಂಥದ್ದೇ ಇದ್ದಿರಬೇಕು. ಅದನ್ನು ತೆಗೆದು ಹೊಸದನ್ನು ಹಾಕಿದವರು ತಂತಿಗಳ ಸ್ಥಾನ ನೋಡಿ ಅದೇ ಸ್ಥಾನಕ್ಕೆ ಹಾಕಿದ್ದಾರೆ, ಆದರೆ ಹೊಸ ಸ್ವಿಚ್ಚಿನ ಕಾಮನ್ ನಡುವಿಗೆ ಸರಿದಿರುವುದನ್ನು ನೋಡಿಲ್ಲ. ಹಿಂಬದಿಯಲ್ಲಿ ಗುರುತು ಅಚ್ಚಾಗಿಯೇ ಇತ್ತು.

ಈ ಎರಡು ತಂತಿಗಳನ್ನು ಅದಲುಬದಲು ಮಾಡಿದ್ದರೆ ಅಂಟುಪಟ್ಟಿಯ ಸಮಸ್ಯೆ ಅಲ್ಲಿಗೇ ಮುಗಿಯುತ್ತಿತ್ತು. ಆರ್‌ಸಿಸಿಬಿಯ ಸಮಸ್ಯೆ ಮಾತ್ರ ಹಾಗೆಯೇ ಉಳಿಯುತ್ತಿತ್ತು. ಮೂಲ ವೈರಿಂಗ್ ಮಾಡಿದವರನ್ನು ಪೂರ್ತಿ ದೂರಲು ನನಗೆ ಮನಸ್ಸಿಲ್ಲ. ಇಡೀ ಮನೆ ಒಂದೇ ಫ್ಯೂಸಿನ ಮೇಲಿದ್ದಾಗ ಮೇಲಿನ ಕೋಣೆಯ ಸೀಲಿಂಗ್ ರೋಸಿನಿಂದ (ಚಾವಣಿಯಲ್ಲಿ ತಂತಿಗಳನ್ನು ಜೋಡಿಸುವ ದುಂಡು ಬಿಲ್ಲೆ) ಫೇಸನ್ನೂ, ಕೆಳಗಿನ ಬೋರ್ಡಿನಿಂದ ನ್ಯೂಟ್ರಲ್ ಅನ್ನೂ ತೆಗೆದುಕೊಂಡರೆ ತಂತಿ ಉಳಿಯುತ್ತಿತ್ತು, ಪ್ರವಾಹದ ಲೆಕ್ಕವೂ ತಪ್ಪುತ್ತಿರಲಿಲ್ಲ. ಮಹಡಿಗಳನ್ನು ಬೇರ್ಪಡಿಸಿದ ದಿನ ಅದು ದೋಷವಾಯಿತು. ಆದರೆ ಸ್ವಿಚ್ಚನ್ನು ನ್ಯೂಟ್ರಲ್‌ನಲ್ಲಿ ಇಟ್ಟದ್ದಕ್ಕೆ ಯಾವ ಕಾಲದಲ್ಲೂ ಸಮರ್ಥನೆಯಿಲ್ಲ. ಬಲ್ಬು ಬದಲಿಸುವವರು ಸ್ವಿಚ್ಚು ಆರಿಸಿದರೆ ಸಾಕೆಂದು ನಂಬುತ್ತಾರೆ.

ಸರಿಪಡಿಸುವ ದಾರಿ ಹೀಗೆ ಗೊತ್ತುಮಾಡಿಕೊಂಡೆ: ಕೆಳಗಿನ ಬೋರ್ಡಿನ ಫೇಸ್ ಕೆಳಗಿನ ಸ್ವಿಚ್ಚಿನ ಕಾಮನ್‌ಗೆ, ಅಲ್ಲಿಂದ ಕ ಮತ್ತು ಖ, ಮೇಲಿನ ಸ್ವಿಚ್ಚಿನ ಕಾಮನ್‌ನಿಂದ ದೀಪಕ್ಕೆ, ದೀಪದಿಂದ ಹೊಸದಾಗಿ ಎಳೆದ ಒಂದು ತಂತಿಯಲ್ಲಿ ಕೆಳಗಿನದೇ ನ್ಯೂಟ್ರಲ್‌ಗೆ. ಮೇಲಿನ ಮಹಡಿಗೂ ಈ ದೀಪಕ್ಕೂ ಸಂಬಂಧವೇ ಇರಬಾರದು. ಹಳೆಯ ಜೋಡಿ ತಂತಿಗಳನ್ನು ಉಳಿಸಿಕೊಳ್ಳುವ ಆಸೆ ಸ್ವಲ್ಪ ಇತ್ತು. ಪರವಾನಗಿ ಇರುವ ಪರಿಚಿತ ಎಲೆಕ್ಟ್ರಿಷಿಯನ್ ಒಬ್ಬರು ಇನ್ಸುಲೇಷನ್ ಟೆಸ್ಟರ್ (ಹೊದಿಕೆಯ ರೋಧ ಅಳೆಯುವ ಉಪಕರಣ) ತಂದು 500 ವೋಲ್ಟ್ ಡಿಸಿ ಹಾಕಿ ನೋಡಿದಾಗ ಕ ತಂತಿ ಮತ್ತು ಕಬ್ಬಿಣದ ಪೈಪಿನ ನಡುವೆ 0.4 ಮೆಗಾಓಮ್ ಬಂದಿತು. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಒಪ್ಪಿಕೊಳ್ಳಬಾರದು. ಅಲ್ಲಿಗೆ ಚರ್ಚೆ ಮುಗಿಯಿತು.

ಹಳೆಯ ತಂತಿಗಳನ್ನೇ ಎಳೆದಾರವಾಗಿ ಬಳಸಿ 1.5 ಚದರ ಮಿಲಿಮೀಟರಿನ ನಾಲ್ಕು ಪಿವಿಸಿ ತಂತಿಗಳನ್ನು ಎಳೆಯುವುದೆಂದು ತೀರ್ಮಾನವಾಯಿತು: ಕ ಮತ್ತು ಖಕ್ಕೆ ಎರಡು ಬೇರೆ ಬಣ್ಣ, ನ್ಯೂಟ್ರಲ್ ಒಂದು, ಹಸಿರು ಅರ್ಥ್ ಒಂದು. ಗಂಟು ದಪ್ಪವಾಗದಂತೆ ತುದಿಗಳನ್ನು ಒಂದರ ಹಿಂದೊಂದು ಮೆಟ್ಟಿಲಿನಂತೆ ಜಾರಿಸಿ ಕಟ್ಟಿ, ಟೇಪನ್ನು ಎಳೆಯುವ ದಿಕ್ಕಿಗೆ ಅನುಗುಣವಾಗಿ ಸುತ್ತಿ, ಟಾಲ್ಕಮ್ ಪೌಡರ್ ಸವರಿದೆವು. ಮೇಲೆ ಒಬ್ಬರು ಎಳೆಯುವುದು, ಕೆಳಗೆ ಒಬ್ಬರು ತಳ್ಳುವುದು. ಐದು ಮೀಟರು ಸಲೀಸಾಗಿ ಬಂದದ್ದು ಬೆಂಡಿನಲ್ಲಿ ನಿಂತೇಬಿಟ್ಟಿತು. ಬಲವಾಗಿ ಎಳೆದಿದ್ದರೆ ಹಳೆಯ ತಂತಿ ಒಳಗೇ ತುಂಡಾಗಿ ಗೋಡೆ ಒಡೆಯಬೇಕಾಗುತ್ತಿತ್ತು. ಒಂದಡಿ ಹಿಂದಕ್ಕೆ ಎಳೆದುಕೊಂಡು, ತಂತಿಗಳನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ತಳ್ಳಿದಾಗ ಗಂಟು ಜಾರಿತು. ಹೊರಬಂದ ಹಳೆಯ ತಂತಿಯ ಹಿಂದೆ ಪುಡಿಯಾದ ರಬ್ಬರು ಒಂದು ಹಿಡಿಯಷ್ಟು ಸುರಿಯಿತು. ಮೇಲಿನ ಪೆಟ್ಟಿಗೆಯಿಂದ ದೀಪಕ್ಕೆ ಹೋಗುವ ಚಿಕ್ಕ ಓಟವನ್ನೂ ಹಾಗೆಯೇ ಬದಲಾಯಿಸಿದೆವು.

ಜೋಡಣೆಯ ಬಗ್ಗೆ ಹೇಳುವಂಥದ್ದು ಕಡಿಮೆ. ದುಂಡು ಸ್ವಿಚ್ಚಿನ ಸ್ಪ್ರಿಂಗ್ ಇನ್ನೂ ಬಿಗಿಯಾಗಿದ್ದರೂ ಅದರ ಬೇಕಲೈಟಿನಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದುದರಿಂದ ಅದನ್ನೂ ತೆಗೆದು, ಎರಡೂ ಕಡೆ ಒಂದೇ ಮಾದರಿಯ ಹೊಸ ಟೂ-ವೇ ಹಾಕಿದೆ. ಸ್ಕ್ರೂ ಬಿಗಿದ ಮೇಲೆ ಪ್ರತಿ ತಂತಿಯನ್ನೂ ಒಮ್ಮೆ ಎಳೆದು ನೋಡಿದೆ. ಕಬ್ಬಿಣದ ಪೆಟ್ಟಿಗೆಗಳಿಗೆ ಅರ್ಥ್ ಸೇರಿಸಿದೆ. ಬಲ್ಬು ತೆಗೆದಿಟ್ಟು ಮತ್ತೆ 500 ವೋಲ್ಟಿನಲ್ಲಿ ನೋಡಿದಾಗ ಉಪಕರಣದ ಗರಿಷ್ಠವಾದ 200 ಮೆಗಾಓಮ್‌ಗಿಂತಲೂ ಹೆಚ್ಚು ಬಂದಿತು. ಮೇನ್ ಏರಿಸಿ 9 ವ್ಯಾಟಿನ ಬಲ್ಬು ಹಾಕಿ ಅದೇ ಹಳೆಯ ಪಟ್ಟಿಯನ್ನು ಮತ್ತೆ ತುಂಬಿದೆ: ನಾಲ್ಕರಲ್ಲಿ ಎರಡು. ಯಾವ ಆರ್‌ಸಿಸಿಬಿಯೂ ಬೀಳಲಿಲ್ಲ; ಎರಡರ ಟೆಸ್ಟ್ ಗುಂಡಿ ಒತ್ತಿದಾಗ ಎರಡೂ ಬಿದ್ದವು. ದೀಪ ಆರಿಸಿದಾಗ ಹೋಲ್ಡರಿನಲ್ಲಿ ಈಗ ಫೇಸ್ ಇರಲಿಲ್ಲ.

ರಾತ್ರಿ ನೋಡಿದರೆ ಬಲ್ಬು ಇನ್ನೂ ಮಿಣುಕುತ್ತಿತ್ತು. ಮೊದಲಿಗಿಂತ ಮಂದವಾಗಿ, ಆದರೆ ಕಾಣುವಷ್ಟು.

ಇಷ್ಟೆಲ್ಲ ಮಾಡಿದ ಮೇಲೆ ಇದು ಸ್ವಲ್ಪ ಕಿರಿಕಿರಿಯೆನಿಸಿತೆಂಬುದು ನಿಜ, ಆದರೆ ಲೆಕ್ಕ ಹಾಕಿದರೆ ಹೀಗಾಗುವುದೇ ಸಹಜ. ಟೂ-ವೇ ವೈರಿಂಗಿನಲ್ಲಿ ದೀಪ ಆರಿದ್ದಾಗ ಜೋಡಿ ತಂತಿಗಳಲ್ಲೊಂದು ಫೇಸಿಗೂ, ಇನ್ನೊಂದು ದೀಪಕ್ಕೂ ಸೇರಿಕೊಂಡು 8 ಮೀಟರು ಅಂಟಿಕೊಂಡೇ ಸಾಗುತ್ತವೆ. ಹೀಗೆ ಪಕ್ಕಪಕ್ಕ ಓಡುವ ತಂತಿಗಳ ನಡುವೆ ಮೀಟರಿಗೆ 100 ಪಿಕೋಫ್ಯಾರಡ್‌ನಷ್ಟು ಕೆಪ್ಯಾಸಿಟೆನ್ಸ್ (ತಂತಿಗಳು ತಾಗದೆಯೂ ಎಸಿ ಪ್ರವಾಹವನ್ನು ಸ್ವಲ್ಪ ದಾಟಿಸುವ ಗುಣ) ಹಿಡಿದರೆ ಒಟ್ಟು 800. 50 ಹರ್ಟ್ಸ್‌ನಲ್ಲಿ ಅದು ಸುಮಾರು 4 ಮೆಗಾಓಮ್‌ಗೆ ಸಮ. 230 ವೋಲ್ಟಿಗೆ 50-60 ಮೈಕ್ರೋಆಂಪಿಯರ್ ಹರಿಯಬಹುದು. ಫಿಲಮೆಂಟ್ ಬಲ್ಬಿಗೆ ಇದು ಲೆಕ್ಕಕ್ಕೇ ಇಲ್ಲ, ಎಲ್‌ಇಡಿಗೆ ಮಿಣುಕಲು ಸಾಕು. ಇದು ನೇರ ಸಂಪರ್ಕದಿಂದ ಬಂದದ್ದಲ್ಲ, ಬಲವಿಲ್ಲದ ವೋಲ್ಟೇಜೇ ಎಂದು ಖಚಿತಪಡಿಸಿಕೊಳ್ಳಲು ಬಲ್ಬು ತೆಗೆದು ಹೋಲ್ಡರಿನಲ್ಲಿ ಅಳೆದೆ. ಮೀಟರ್ 62 ವೋಲ್ಟ್ ತೋರಿಸಿತು. ಅದೇ ಎರಡು ತುದಿಗಳಿಗೆ 15 ವ್ಯಾಟಿನ ಫಿಲಮೆಂಟ್ ಬಲ್ಬು ಕೊಟ್ಟೊಡನೆ ಸೊನ್ನೆಗೆ ಇಳಿಯಿತು. ಡಿಜಿಟಲ್ ಮೀಟರಿನ ಒಳರೋಧ 10 ಮೆಗಾಓಮ್‌ನಷ್ಟಿರುವುದರಿಂದ ಇಂಥ ಬಲವಿಲ್ಲದ ವೋಲ್ಟೇಜನ್ನೂ ಅದು ದೊಡ್ಡದಾಗಿ ತೋರಿಸುತ್ತದೆ. ಹಳೆಯ ವೈರ್‌ಮನ್‌ಗಳು ಹೋಲ್ಡರಿಗೆ ಕಟ್ಟಿದ ಒಂದು ಟೆಸ್ಟ್ ಲ್ಯಾಂಪನ್ನು ಕೈಬಿಡದೆ ಇಟ್ಟುಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ.

ದೀಪಕ್ಕೆ ಅಡ್ಡಲಾಗಿ ಮೇನ್ಸ್ ವೋಲ್ಟೇಜಿಗೆಂದೇ ತಯಾರಾದ ಎಕ್ಸ್2 ದರ್ಜೆಯ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರನ್ನು, ಸರಣಿಯಲ್ಲಿ ಒಂದು ರೆಸಿಸ್ಟರಿನೊಂದಿಗೆ ಹಾಕಿದರೆ ಮಿಣುಕು ನಿಲ್ಲುತ್ತದೆ. ನಾನು ಅದಕ್ಕೆ ಮೊದಲು ಮನೆಯಲ್ಲಿದ್ದ ಬೇರೆ ತಯಾರಿಕೆಯ ಬಲ್ಬೊಂದನ್ನು ಹಾಕಿ ನೋಡಿದೆ. ಅದು ಸಂಪೂರ್ಣ ಆರಿತು, ಹಾಗಾಗಿ ಕೆಪ್ಯಾಸಿಟರ್ ಬೇಕಾಗಲಿಲ್ಲ. ಮೇಲಿನ ಕೋಣೆಯ ಸೀಲಿಂಗ್ ರೋಸಿನಿಂದ ಬರುತ್ತಿದ್ದ ಹಳೆಯ ಫೇಸ್ ತಂತಿಯನ್ನು ಎರಡೂ ತುದಿಗಳಲ್ಲಿ ಬಿಡಿಸಿ, ಕನೆಕ್ಟರಿನಲ್ಲಿ ಮುಚ್ಚಿ, ಚೀಟಿ ಕಟ್ಟಿಟ್ಟಿದ್ದೇನೆ. ಅದು ಹಾದುಹೋಗುವ ಪೈಪಿನಲ್ಲಿ ಆ ಕೋಣೆಯ ರಬ್ಬರು ತಂತಿಗಳೂ ಇವೆ; ಒಂದನ್ನು ಎಳೆದರೆ ಉಳಿದವುಗಳ ಹೊದಿಕೆ ಉದುರುವುದು ಖಂಡಿತ. ಆದ್ದರಿಂದ ಆ ಕೋಣೆಯ ವೈರಿಂಗನ್ನು ಪೂರ್ತಿ ಬದಲಾಯಿಸುವವರೆಗೆ ಅದು ಅಲ್ಲೇ ಇರುತ್ತದೆ.